ಟವೆಲಿನ ಕೆಳಗಿನ ಹಾಡು

ಹೊಸಕೋಟೆಯಲ್ಲಿ, ಹಳೇ ಮದ್ರಾಸು ರಸ್ತೆಯಿಂದ ಎರಡು ತಿರುವು ಒಳಗಿದ್ದ ಒಂದು ಮಹಡಿ ಕೋಣೆಯಲ್ಲಿ, ನಾಲ್ಕು ವರ್ಷ, ಹೆಚ್ಚುಕಡಿಮೆ ಪ್ರತಿ ಭಾನುವಾರ ಮಧ್ಯಾಹ್ನ, ನಾವು ಮೂರು ಜನ ಗಂಡಸರು ಒಂದು ಫೋನಿಗೆ ಟವೆಲ್ ಹೊದಿಸಿ ಅದರ ಸುತ್ತ ಕೂರುತ್ತಿದ್ದೆವು. ಯಾರಾದರೂ ಕಿಟಕಿಯಿಂದ ಇಣುಕಿದ್ದರೆ ಇವರೇನೋ ಮಾಟ ಮಾಡಿಸುತ್ತಿದ್ದಾರೆ ಎಂದೇ ತಿಳಿಯಬೇಕು. ನಾವು ಮಾಡುತ್ತಿದ್ದದ್ದು ಇಷ್ಟು: ಒಬ್ಬ ಹಾಡು ಹಾಕಬೇಕು, ಮಿಕ್ಕವರು ಅದು ಸ್ಟುಡಿಯೋದಲ್ಲಿ ಮಾಡಿದ್ದೋ ಲೈವ್ ಕಾರ್ಯಕ್ರಮದಲ್ಲಿ ಹಿಡಿದದ್ದೋ ಹೇಳಬೇಕು. ಲೈವ್ ಆದರೆ ಯಾವ ಊರಿನ ಕಾರ್ಯಕ್ರಮ ಎಂದೂ ಹೇಳಬೇಕು. ಸದ್ದು ಪಕ್ಕದ ಸ್ಪೀಕರಿನಿಂದ ಬರುತ್ತಿತ್ತು. ಫೋನಿನ ಪರದೆ ಕಾಣದಿರಲಿ ಎಂದು ಟವೆಲ್. ಸೋತವನು ಟೀ ಲೋಟ ತೊಳೆಯುವುದು ನಿಯಮ. ಆ ನಾಲ್ಕು ವರ್ಷದಲ್ಲಿ ಮೊದಲ ಮೂರು ವರ್ಷ ನಾನು ಲೋಟ ತೊಳೆದದ್ದು ಬೆರಳಲ್ಲಿ ಎಣಿಸುವಷ್ಟು ಸಲ.

ಹಾಡುಗಳೆಲ್ಲ ಬೆಂಗಳೂರಿನ ಒಂದೇ ಬ್ಯಾಂಡಿನವು. ಸೈಕೆಡೆಲಿಕ್ ಜ್ಯಾಮ್ ಬ್ಯಾಂಡ್ ಎಂದು ತಿಳಿದವರು ಕರೆಯುತ್ತಾರೆ. ನಾಲ್ಕು ಜನ, ಮಾತು ಕಡಿಮೆ, ವಾದ್ಯ ಜಾಸ್ತಿ. ಸ್ಟುಡಿಯೋದಲ್ಲಿ ಆರು ನಿಮಿಷಕ್ಕೆ ಮುಗಿಸಿದ ಹಾಡನ್ನು ವೇದಿಕೆ ಮೇಲೆ ಇಪ್ಪತ್ತೈದು ನಿಮಿಷ ಎಳೆಯುತ್ತಾರೆ, ಅದು ಎಲ್ಲಿಗೆ ಹೋಗುತ್ತದೆ ಎಂದು ಅವರಿಗೇ ಗೊತ್ತಿರುವುದಿಲ್ಲ. ಕಾರ್ಯಕ್ರಮಕ್ಕೆ ಬಂದವರು ರೆಕಾರ್ಡ್ ಮಾಡಿಕೊಂಡರೆ ಅವರು ಬೇಡ ಎನ್ನುವುದಿಲ್ಲ. ಹಾಗಾಗಿ ಒಂದೇ ಹಾಡಿನ ಮೂವತ್ತು ನಲವತ್ತು ಲೈವ್ ರೆಕಾರ್ಡಿಂಗುಗಳು ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿರುತ್ತವೆ. ಹಾಡಿಗೆ ಅವರಿಟ್ಟ ಹೆಸರು ಬೇರೆ, ನಾವಿಟ್ಟ ಹೆಸರು ಬೇರೆ. ನಮ್ಮ ಬಾಯಲ್ಲಿ ಒಂದು ‘ಉದ್ದದ್ದು’, ಒಂದು ‘ಅಳೋದು’, ಇನ್ನೊಂದು ‘ಬಸ್ ಕೆಟ್ಟಿದ್ದು’.

ಕೋಣೆ ಕಂಡಕ್ಟರನದು. ಹೊಸಕೋಟೆಯಿಂದ ಬೆಂಗಳೂರಿಗೆ ಓಡಾಡುವ ಸಿಟಿ ಬಸ್ಸಿನಲ್ಲಿ ಅವನ ಕೆಲಸ. ಇಡೀ ವಾರ ಹಾರನ್ನು, ಫುಟ್‌ಬೋರ್ಡ್ ಜಗಳ ಕೇಳಿದವನಿಗೆ ಶುಚಿಯಾದ ಸದ್ದು ಬೇಕು, ಆದ್ದರಿಂದ ಅವನು ಸ್ಟುಡಿಯೋ ಪಕ್ಷ. ಇನ್ನೊಬ್ಬ ಅನುಗೊಂಡನಹಳ್ಳಿ ಕಡೆಯವನು, ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಾನೆ. ಅವನು ಲೈವ್ ಪಕ್ಷ. ಇಬ್ಬರ ಹೆಸರೂ ಬರೆಯುವುದಿಲ್ಲ. ಇನ್ನೂ ನನ್ನ ಜೊತೆ ಮಾತಾಡುತ್ತಾರೆ, ಅದನ್ನು ಕೆಡಿಸಿಕೊಳ್ಳಲಾರೆ.

“ನೋಡ್ ಗುರು, ಹಾಲ್ನ ಕರೆದ್ ತಕ್ಷಣ ಕುಡೀಬೇಕು. ಪ್ಯಾಕೆಟ್ಟಿಗೆ ಹಾಕಿದ್ಮೇಲೆ ಅದ್ರಲ್ಲಿ ಹಸು ಎಲ್ಲಿರುತ್ತೆ?” ಎನ್ನುತ್ತಿದ್ದ ಹಾಲಿನವನು.

“ಹಸಿ ಹಾಲು ಕುಡ್ದು ನೀನ್ ಹೊಟ್ಟೆ ಕೆಡಿಸ್ಕೋ. ನಂಗೆ ಕಾಯ್ಸಿ ಸೋಸಿದ್ದೇ ಸಾಕು,” ಎನ್ನುತ್ತಿದ್ದ ಕಂಡಕ್ಟರ್. ಇಲ್ಲಿಂದ ಶುರುವಾದದ್ದು ಎರಡು ಗಂಟೆ ನಡೆಯುತ್ತಿತ್ತು. ಸ್ಟುಡಿಯೋದಲ್ಲಿ ಗಿಟಾರು ಎರಡು ಸಲ ಬಾರಿಸಿ ಒಂದರ ಮೇಲೊಂದು ಕೂರಿಸಿದ್ದಾರೆ, ಅದು ಮೋಸ ಎಂದು ಒಬ್ಬ. ಲೈವಿನಲ್ಲಿ ಹನ್ನೊಂದನೇ ನಿಮಿಷಕ್ಕೆ ದಾರಿ ತಪ್ಪಿ ನಾಲ್ಕು ಜನ ನಾಲ್ಕು ದಿಕ್ಕಿಗೆ ಹೋಗಿದ್ದಾರೆ, ಅದನ್ನೂ ಸಂಗೀತ ಅನ್ನಬೇಕಾ ಎಂದು ಇನ್ನೊಬ್ಬ.

ನಾನು ಯಾವ ಪಕ್ಷವೂ ಅಲ್ಲ. ನನ್ನದು ತೀರ್ಪು. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೊಂದು ಬಸ್ಸು, ಅಲ್ಲಿಂದ ಹೊಸಕೋಟೆಗೊಂದು ಬಸ್ಸು ಹಿಡಿದು ಬರುತ್ತಿದ್ದ ನನಗೆ ಆ ಕೋಣೆಯಲ್ಲಿ ಇದ್ದ ಮರ್ಯಾದೆಯೇ ಬೇರೆ. ನಮ್ಮದು ನೇಕಾರರ ಮನೆ. ಮನೆಯ ಹಿಂಭಾಗದಲ್ಲೇ ಆರು ಪವರ್‌ಲೂಮ್ ಮಗ್ಗಗಳು. ಒಂದು ಸಲ ನೂಲು ಸಿಗದೆ ಮಗ್ಗ ನಿಂತಾಗ ನಾನು ಕೆಲವು ವಾರ ಶಾಮಿಯಾನದವರ ಜೊತೆ ಕೆಲಸಕ್ಕೆ ಹೋಗಿದ್ದೆ. ದೇವನಹಳ್ಳಿ ಹತ್ತಿರದ ಒಂದು ತೋಟದಲ್ಲಿ ವೇದಿಕೆ ಕಟ್ಟುತ್ತಿದ್ದಾಗ ಈ ನಾಲ್ವರು ಬಂದು ವಾದ್ಯ ಸರಿ ಮಾಡಿಕೊಳ್ಳಲು ಕುಳಿತರು. ಡ್ರಮ್ಮು ಒಂದು ಲೆಕ್ಕದಲ್ಲಿ, ಗಿಟಾರು ಒಂದು ಲೆಕ್ಕದಲ್ಲಿ ಹೋಗುತ್ತಾ ಹೋಗುತ್ತಾ ಒಂದು ಕಡೆ ಎರಡೂ ಒಟ್ಟಿಗೆ ಬಿದ್ದವು. ನಾನು ಕಂಬ ಹಿಡಿದವನು ಹಾಗೇ ನಿಂತೆ. ನಮ್ಮ ಮನೆಯಲ್ಲಿ ಆರು ಮಗ್ಗ ಒಟ್ಟಿಗೆ ಓಡುವಾಗ, ಒಂದೊಂದು ಒಂದೊಂದು ವೇಗದಲ್ಲಿ ಬಡಿಯುತ್ತಾ, ಯಾವಾಗಲೋ ಒಮ್ಮೆ ಆರೂ ಒಂದೇ ಏಟಿಗೆ ಬೀಳುತ್ತವೆ. ಚಿಕ್ಕಂದಿನಿಂದ ನಾನು ಅದಕ್ಕೆ ಕಾಯುತ್ತಿದ್ದವನು. ಅದನ್ನು ಬೇಕೆಂದೇ ಮಾಡುವವರು ಇದ್ದಾರೆ ಎಂದು ಅವತ್ತು ಗೊತ್ತಾಯಿತು.

ನನ್ನ ಕಿವಿಗೆ ಹೆಸರು ಬಂದದ್ದು ಒಂದು ತಾಳದಿಂದ. ಡ್ರಮ್ಮಿನವನ ಬಲಗಡೆಯ ಹಿತ್ತಾಳೆ ತಾಳದಲ್ಲಿ, ಸಿಂಬಲ್ ಎನ್ನುತ್ತಾರಲ್ಲ ಅದರಲ್ಲಿ, ಒಂದು ಕೂದಲೆಳೆ ಬಿರುಕು ಬಿಟ್ಟಿತ್ತು. ಯಾರೋ ಗುಂಪಿಗೆ ಒಂದು ರೆಕಾರ್ಡಿಂಗ್ ಹಾಕಿ ಇದು ಮೈಸೂರಿನ ಕಾರ್ಯಕ್ರಮದ್ದು ಎಂದರು. ಅಲ್ಲ, ಮೈಸೂರಿನ ಹೊತ್ತಿಗೆ ತಾಳ ಇನ್ನೂ ಒಡೆದಿರಲಿಲ್ಲ, ಇದು ಆಮೇಲಿನದು ಎಂದು ನಾನು ಬರೆದೆ. ಬ್ಯಾಂಡಿನವನೇ ಒಬ್ಬ ಬಂದು ‘ಸರಿ’ ಎಂದು ಒಂದು ಪದ ಹಾಕಿ ಹೋದ. ಆ ಒಂದು ಪದವನ್ನು ನಾನು ಎಷ್ಟು ಸಲ ನೋಡಿಕೊಂಡೆ ಎಂದು ಹೇಳಿದರೆ ನಗುತ್ತೀರಿ. ಊರಿನಲ್ಲಿ ನಾನು ಯಾರದೋ ಮಗ, ಯಾರದೋ ತಮ್ಮ, ಆರು ಮಗ್ಗದವನು. ಆ ಗುಂಪಿನಲ್ಲಿ, ಆ ಕೋಣೆಯಲ್ಲಿ ಮಾತ್ರ ನಾನು ನಾನಾಗಿದ್ದೆ, ಅದೂ ನನ್ನ ಕಿವಿಯಿಂದ.

ಕೆಟ್ಟದ್ದು ಶುರುವಾದದ್ದೂ ತಾಳದಿಂದಲೇ. ಹೋದ ವರ್ಷ ಒಂದು ಹೊಸ ಲೈವ್ ರೆಕಾರ್ಡಿಂಗ್ ಬಂತು. ಕೇಳಿ ನನಗೆ ಮೈಯೆಲ್ಲ ಉರಿಯಿತು. ತಾಳವೇ ಇಲ್ಲ. ಡ್ರಮ್ಮಿನ ದಪ್ಪ ಸದ್ದು ಇದೆ, ಮೇಲಿನ ಹೊಳಪಿಲ್ಲ, ಕಂಬಳಿ ಹೊದಿಸಿದ ಹಾಗಿದೆ. ‘ಇದನ್ನ ರೆಕಾರ್ಡ್ ಮಾಡಿದವರು ಕಿವಿಗೆ ಏನು ಇಟ್ಕೊಂಡಿದ್ರು’ ಎಂದು ಗುಂಪಿನಲ್ಲಿ ಖಾರವಾಗಿ ಬರೆದೆ. ನನ್ನ ಬಾಯಿ ಮೊದಲಿಂದಲೂ ಸ್ವಲ್ಪ ಜೋರು. ಒಂದಿಬ್ಬರು ‘ತಾಳ ಚೆನ್ನಾಗೇ ಬಂದಿದೆಯಲ್ಲ ಅಣ್ಣ’ ಎಂದರು. ಅವರಿಗೇನು ಗೊತ್ತು ಎಂದುಕೊಂಡೆ.

ಆಮೇಲಿನ ಒಂದು ಭಾನುವಾರ. ಫೋನು ಕಂಡಕ್ಟರನ ಕೈಯಲ್ಲಿ. ‘ಅಳೋದು’ ಹಾಕಿದ. ನಾನು ಅರ್ಧ ನಿಮಿಷವೂ ತೆಗೆದುಕೊಳ್ಳಲಿಲ್ಲ.

“ಲೈವ್,” ಎಂದೆ. “ಹಾಲ್ ಒಳಗೆ ಮಾಡಿದ್ದು. ಹಿಂದೆ ಜನ ಇದಾರೆ, ಸ್ಸ್ ಅಂತ ಕೇಳ್ತಿಲ್ವಾ?”

ಇಬ್ಬರೂ ಮುಖ ಮುಖ ನೋಡಿಕೊಂಡರು. “ಎಲ್ಲಿ ಜನ?” ಎಂದ ಹಾಲಿನವನು. ಜನ ಎಂದರೆ ಪ್ರಾಣ ಬಿಡುವವನು ಅವನು. ಒಬ್ಬ ಕೆಮ್ಮಿದರೂ ಗುರುತು ಹಿಡಿಯುತ್ತಿದ್ದ.

“ಲೇ, ಪೂರ್ತಿ ತುಂಬ್ಕೊಂಡಿದೆಯಲ್ಲೋ. ಹಾಡಿನ ಹಿಂದೆ ಸಣ್ಣಗೆ, ಬಿಡದೆ.”

ಕಂಡಕ್ಟರ್ ಟವೆಲ್ ತೆಗೆದ. ಅದು ಸ್ಟುಡಿಯೋದ್ದು. ಗಾಜಿನ ಹಾಗೆ ತೊಳೆದಿಟ್ಟ ರೆಕಾರ್ಡಿಂಗು, ಅದರಲ್ಲಿ ಹಾಡಿನ ಹಿಂದೆ ಏನೂ ಇಲ್ಲ, ಅದಕ್ಕೇ ಅವನಿಗೆ ಅದು ಇಷ್ಟ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತೀರ್ಪುಗಾರರೇ ಬಿದ್ದರು ಎಂದು ಹಾಲಿನವನು ಲೋಟಗಳನ್ನು ನನ್ನ ಕೈಗೆ ಕೊಟ್ಟ. ನಾನೂ ನಕ್ಕೆ. ಬಚ್ಚಲಿನಲ್ಲಿ ಲೋಟ ತೊಳೆಯುತ್ತಾ ನಲ್ಲಿ ನಿಲ್ಲಿಸಿದೆ. ನೀರು ನಿಂತಿತು, ಸದ್ದು ನಿಲ್ಲಲಿಲ್ಲ. ಸ್ಸ್ ಎಂದು ಅದೇ, ಹಾಡಿನ ಹಿಂದೆ ಇದ್ದದ್ದೇ. ಲೋಟ ಕೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಒಳಗಿಂದ ಕಂಡಕ್ಟರ್ ಏನೋ ಕೂಗಿದ, ಏನೆಂದು ತಿಳಿಯಲಿಲ್ಲ.

ನಮ್ಮ ಬೀದಿಯಲ್ಲಿ ಕಿವುಡರು ಎಂದು ಯಾರೂ ಇಲ್ಲ. ಎಲ್ಲರೂ ‘ಸ್ವಲ್ಪ ಜೋರಾಗಿ ಹೇಳು’ ಎನ್ನುವವರೇ. ಅಪ್ಪ ಐವತ್ತಕ್ಕೆಲ್ಲ ಹಾಗಾದರು, ದೊಡ್ಡಪ್ಪ ಅದಕ್ಕೂ ಮುಂಚೆ. ಅದಕ್ಕೆ ಕಾಯಿಲೆ ಎಂದು ಯಾರೂ ಹೇಳಿದ್ದಿಲ್ಲ. ವಯಸ್ಸಾದರೆ ಕೂದಲು ಬೆಳ್ಳಗಾಗುವ ಹಾಗೆ, ಮಗ್ಗದವನಿಗೆ ಕಿವಿ ಮಂದವಾಗುತ್ತದೆ. ಎಲ್ಲರೂ ಕಿರುಚಿಯೇ ಮಾತಾಡುವ ಬೀದಿಯಲ್ಲಿ ಯಾರಿಗೆ ಎಷ್ಟು ಕೇಳಿಸುತ್ತದೆ ಎಂದು ಯಾರು ನೋಡುತ್ತಾರೆ. ನನಗಿನ್ನೂ ಮೂವತ್ತೆಂಟು.

ಹೆಂಡತಿಗೆ ಅರ್ಧ ಹೇಳಿದೆ. ಕಿವಿ ಸ್ವಲ್ಪ ಮಂದ ಆಗಿದೆ ಎಂದೆ, ಒಳಗಿನ ಸದ್ದಿನ ವಿಷಯ ಹೇಳಲಿಲ್ಲ. ಹಾಗೆ ಹೇಳಿದರೆ ತಲೆ ಕೆಟ್ಟಿದೆ ಎಂದುಕೊಂಡಾಳು ಎಂಬ ಭಯ.

“ಈಗ್ ಗೊತ್ತಾಯ್ತಾ? ಎರ್ಡ್ ವರ್ಷದಿಂದ ನಿಮ್ ಹತ್ರ ಗಂಟಲು ಹರ್ಕೋತಾ ಇದೀನಿ,” ಎಂದಳು. ಮಗ್ಗದ ಪಕ್ಕದಲ್ಲೇ ಕೂತು ನೂಲು ಸುತ್ತುವವಳು ಅವಳು. ಅವಳ ಮಾತೂ ಜೋರೇ. ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿದಳು, ತಲೆಯನ್ನು ತೊಡೆಯ ಮೇಲೆ ಓರೆಯಾಗಿ ಇಟ್ಟುಕೊಂಡು ಕಿವಿಗೆ ಬಿಟ್ಟಳು. ಒಂದು ತಿಂಗಳು ನನ್ನ ದಿಂಬೆಲ್ಲ ಒಗ್ಗರಣೆ ವಾಸನೆ. ಸದ್ದು ಹಾಗೇ ಇತ್ತು.

ಕೊನೆಗೆ ಯಾರಿಗೂ ಹೇಳದೆ ಬೆಂಗಳೂರಿನ ಒಂದು ಆಸ್ಪತ್ರೆಗೆ ಹೋದೆ. ಸದ್ದು ನುಗ್ಗದ ಒಂದು ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ಬಾಗಿಲು ಹಾಕಿದ ಕೂಡಲೇ ನನಗೆ ಕೇಳಿಸಿತು, ಒತ್ತಿದೆ. ಮತ್ತೆ ಒತ್ತಿದೆ. ಒತ್ತಿಕೊಂಡೇ ಇದ್ದೆ. ಗಾಜಿನ ಆಚೆ ಕೂತಿದ್ದ ಹುಡುಗಿ ಮೈಕಿನಲ್ಲಿ ಮೆತ್ತಗೆ ಹೇಳಿದಳು: “ಸಾರ್, ನಾನಿನ್ನೂ ಏನೂ ಹಾಕಿಲ್ಲ.”

ಡಾಕ್ಟರು ಒಂದು ಕಾಗದ ತೋರಿಸಿದರು. ಗೆರೆ ಎಡದಿಂದ ಸ್ವಲ್ಪ ದೂರ ಸಮವಾಗಿ ಬಂದು, ಆಮೇಲೆ ಬಂಡೆ ಅಂಚಿನಿಂದ ಬಿದ್ದ ಹಾಗೆ ಕೆಳಗಿಳಿದಿತ್ತು. ಬಿದ್ದ ಕಡೆಯೇ ಮೇಲಿನ ಚೂಪು ಸದ್ದುಗಳ, ಅಂದರೆ ತಾಳ ಇರುವ ಜಾಗ ಎಂದು ನಾನು ಕೇಳಿ ತಿಳಿದುಕೊಂಡೆ. “ನರ ಹೋಗಿದೆ. ಹೋಗಿದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳಿ. ಮಗ್ಗ ಬಿಡಿ. ಜೋರು ಮ್ಯೂಸಿಕ್ ಹತ್ರ ಹೋಗ್ಬೇಡಿ. ಕಿವಿಗೆ ಮಷೀನ್ ಹಾಕ್ಕೊಂಡ್ರೆ ಮಾತು ಕೇಳುತ್ತೆ.”

“ಹಾಡು ಸಾರ್?”

“ಹಾಡೂ ಕೇಳುತ್ತೆ. ಮೊದ್ಲಿನ ಥರ ಇರಲ್ಲ.”

“ಲೈವ್ ಯಾವ್ದು, ಸ್ಟುಡಿಯೋ ಯಾವ್ದು ಅಂತ ಗೊತ್ತಾಗುತ್ತಾ ಸಾರ್?” ಎಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನೇಕಾರ ಎಂದು ಚೀಟಿಯಲ್ಲಿ ಬರೆಸಿದ್ದ ಮನುಷ್ಯ ಏನು ಕೇಳುತ್ತಿದ್ದಾನೆ ಎಂದು ಅವರಿಗೆ ಅರ್ಥವಾಗಲಿಲ್ಲ. ಹೊರಗಡೆ ಬಸ್ ಸ್ಟಾಪಿನಲ್ಲಿ ಕೂತು ನಾನು ಅತ್ತೆ. ಅಪ್ಪ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಮಗ್ಗ ಬಿಡಿ ಎಂದರೆ ಬಿಟ್ಟು ಏನು ಮಾಡಲಿ? ಹತ್ತಿ ಇಟ್ಟುಕೊಂಡು ಕೆಲಸ ಮಾಡಿ ನೋಡಿದೆ. ಪವರ್‌ಲೂಮ್ ನಡೆಸುವುದು ಕೈಯಿಂದ ಎಂದು ಹೊರಗಿನವರು ತಿಳಿದಿದ್ದಾರೆ, ನಡೆಸುವುದು ಕಿವಿಯಿಂದ. ಆರು ಮಗ್ಗದ ನಡುವೆ ನಿಂತಾಗ ಹಿಂದುಗಡೆ ಒಂದು ಎಳೆ ಕಡಿದರೆ ಏಟಿನ ಸದ್ದು ಒಂದು ಕೂದಲಷ್ಟು ಬದಲಾಗುತ್ತದೆ, ಕೈ ತಾನಾಗಿ ಅತ್ತ ಹೋಗುತ್ತದೆ. ಹತ್ತಿ ಇಟ್ಟ ಮೂರನೇ ದಿನ ಮದುವೆ ಸೀರೆಯೊಂದರಲ್ಲಿ ಮೊಳದುದ್ದ ಎಳೆ ಬಿಟ್ಟುಹೋಯಿತು. ಆ ಮಗ್ಗ ಬಡಿದುಕೊಳ್ಳುತ್ತಾ ಹೋಗುತ್ತಿದ್ದರೆ ನಾನು ಅದಕ್ಕೆ ಬೆನ್ನು ಹಾಕಿ ನಿಂತಿದ್ದೆ. ಕಿವಿ ಉಳಿಸಿಕೊಂಡರೆ ಕೆಲಸ ಕೆಡುತ್ತದೆ, ಕೆಲಸ ಉಳಿಸಿಕೊಂಡರೆ ಕಿವಿ ಹೋಗುತ್ತದೆ. ಹತ್ತಿ ಕಿತ್ತು ಎಸೆದು ಮತ್ತೆ ಸದ್ದಿಗೆ ನಿಂತೆ.

ಆ ದಿನಗಳಲ್ಲಿ ನಾನು ಮಾಡಿದ ಕೆಲಸಗಳಿಗೆ ಬುದ್ಧಿ ಇರಲಿಲ್ಲ. ಶಿವಗಂಗೆ ಹತ್ತಿದೆ. ಪುಣ್ಯ ಮಾಡಿದವರ ಕೈಗಷ್ಟೇ ನೀರು ಸಿಗುತ್ತದೆ ಎನ್ನುವ ಬಂಡೆಯ ಒರಳಿಗೆ ಭುಜದವರೆಗೆ ಕೈ ಇಳಿಬಿಟ್ಟೆ, ಬೆರಳಿಗೆ ನೀರು ತಗುಲಿತು. ಹಿಂದಿದ್ದ ಹೆಂಗಸೊಬ್ಬಳು “ಪುಣ್ಯವಂತ ಕಣಪ್ಪ ನೀನು” ಎಂದಳು. ಸದ್ದು ನನ್ನ ಜೊತೆ ಬೆಟ್ಟ ಹತ್ತಿತ್ತು, ನನ್ನ ಜೊತೆಯೇ ಇಳಿಯಿತು. ಡಾಕ್ಟರು ಬೇಡವೆಂದ ಒಂದು ತಿಂಗಳೊಳಗೆ ಬ್ಯಾಂಡು ಊರಿನ ಹತ್ತಿರಕ್ಕೆ ಬಂದಾಗ ಹೋಗಿ ಸ್ಪೀಕರಿಗೆ ಅಂಟಿಕೊಂಡು ನಿಂತೆ. ಅಷ್ಟು ಹತ್ತಿರ ನಿಂತರೆ ತಾಳ ಚೂರು ಚೂರು ಸಿಕ್ಕಿತು. ಅದಕ್ಕೆ ಎರಡು ದಿನ ಎಡಗಿವಿ ಪೂರ್ತಿ ಮುಚ್ಚಿಹೋಗಿತ್ತು. ಹೋದರೆ ಹೋಗಲಿ ಎಂಬ ಹಟ. ಹಟ ಇಳಿದ ಮೇಲೆ ಹೆದರಿಕೆ.

ಭಾನುವಾರಗಳನ್ನು ಮಾತ್ರ ಬಿಡಲಿಲ್ಲ. ಅವರಿಬ್ಬರಿಗೆ ಗೊತ್ತಾಗಕೂಡದು. ತೀರ್ಪು ಹೇಳಲಾಗದ ತೀರ್ಪುಗಾರನಿಗೆ ಆ ಕೋಣೆಯಲ್ಲಿ ಏನು ಕೆಲಸ? ಹಾಡುಗಳನ್ನು ಪರೀಕ್ಷೆಗೆ ಓದುವ ಹಾಗೆ ಓದಿದೆ. ಮೇಲಿನ ಸದ್ದು ಹೋದರೆ ಹೋಯಿತು, ಕೆಳಗಿನ ದಪ್ಪ ತಂತಿಯ ಸದ್ದು ಇನ್ನೂ ಗಟ್ಟಿಯಾಗಿ ಸಿಗುತ್ತದಲ್ಲ. ಯಾವ ಊರಿನಲ್ಲಿ ಅದು ಎಷ್ಟನೇ ನಿಮಿಷಕ್ಕೆ ತಿರುಗುತ್ತದೆ ಎಂದು ಬಾಯಿಪಾಠ ಮಾಡಿದೆ. ಮೈಸೂರಿನದರಲ್ಲಿ ನಾಲ್ಕಕ್ಕೆ, ತೋಟದ್ದರಲ್ಲಿ ಏಳಕ್ಕೆ. ಲೈವ್ ಆದರೆ ಹಾಲಿನವನ ಹೆಬ್ಬೆರಳು ಅವನಿಗೇ ತಿಳಿಯದೆ ಕುಣಿಯುತ್ತದೆ, ಅದನ್ನೂ ನೋಡಿಕೊಂಡೆ. ಕೆಲವು ವಾರ ಗೆದ್ದೆ, ಕೆಲವು ವಾರ ಸೋತೆ. ಆಮೇಲೆ ಬರೀ ಗೆಲ್ಲತೊಡಗಿದೆ. ಒಂದೇ ಮಧ್ಯಾಹ್ನ ಆರಕ್ಕೆ ಆರು. ಮತ್ತೆ ಹಿಡಿತ ಸಿಕ್ಕಿತು ಎಂದುಕೊಂಡೆ. ಬಸ್ಸಿನಲ್ಲಿ ಬರುವಾಗ ಒಬ್ಬನೇ ನಗುತ್ತಿದ್ದೆ.

ಮುಂದಿನ ಭಾನುವಾರ ಏನಾಯಿತು ಎಂದು ಹೇಳುವ ಮೊದಲು ನಮ್ಮ ಮಗ್ಗದ ಮನೆಗಳ ಒಂದು ಅಭ್ಯಾಸ ಹೇಳಬೇಕು. ಮಗ್ಗ ಓಡುವಾಗ ಅಲ್ಲಿ ಕೂಗಿದರೂ ಪ್ರಯೋಜನವಿಲ್ಲ. ನಾವು ಬಾಯಿ ಆಡಿಸುತ್ತೇವೆ, ಎದುರಿಗಿದ್ದವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ನೂಲು ಮುಗಿಯಿತು, ಊಟಕ್ಕೆ ಬಾ, ನಿಮ್ಮ ಚಿಕ್ಕಮ್ಮ ಬಂದಿದ್ದಾರೆ, ಇಷ್ಟೂ ಸದ್ದಿಲ್ಲದೆ ನಡೆಯುತ್ತದೆ. ಗಂಡ ಹೆಂಡತಿ ಜಗಳವೂ ಹಾಗೇ. ಮಕ್ಕಳು ಅಕ್ಷರ ಕಲಿಯುವ ಮೊದಲೇ ಇದನ್ನು ಕಲಿಯುತ್ತವೆ. ಬೇರೆಯವರು ಗುಟ್ಟು ಹೇಳಲು ಸದ್ದು ತೆಗೆದು ಬರೀ ತುಟಿ ಆಡಿಸುತ್ತಾರೆ. ನಮಗೆ ಅದು ದಿನದ ಮಾತು.

ಅವತ್ತು ಫೋನು ಕಂಡಕ್ಟರನ ಕೈಯಲ್ಲಿತ್ತು. ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ನಡುವೆ ಹಾಲಿನವನ ಹೆಬ್ಬೆರಳು ನೋಡೋಣ ಎಂದು ರೆಪ್ಪೆ ಚೂರು ಎತ್ತಿದೆ. ಕಂಡಕ್ಟರ್ ಅವನ ಕಡೆ ನೋಡುತ್ತಿದ್ದ. ಅವನ ತುಟಿ ಅಲುಗಿತು, ಸದ್ದಿಲ್ಲದೆ, ಸ್ಪಷ್ಟವಾಗಿ:

“ಏನ್ ಹೇಳಿದ್ರೂ ಸರಿ ಅನ್ನು. ಹೋದ್ಸಲದ ಥರಾನೇ.”

ಹಾಲಿನವನು ತಲೆಯಾಡಿಸಿದ.

ಹಾಡು ಓಡುತ್ತಲೇ ಇತ್ತು. ‘ಉದ್ದದ್ದು’, ತೋಟದ ಕಾರ್ಯಕ್ರಮದ್ದು. ಅದನ್ನು ನಾನು ಮಣ್ಣಲ್ಲಿ ಹೂತರೂ ಗುರುತು ಹಿಡಿಯುತ್ತೇನೆ, ಏಕೆಂದರೆ ಹದಿನೈದನೇ ನಿಮಿಷಕ್ಕೆ ಜನರೆಲ್ಲ ಸೇರಿ ನೆಲ ತುಳಿಯುವ ಸದ್ದು ಅದರಲ್ಲಿದೆ. ಕಂಡಕ್ಟರ್ ಸರಿಯಾಗಿ ಆ ಜಾಗವನ್ನೇ ಹಾಕಿದ್ದ. ಹಸುಗೂಸಿಗೂ ಗೊತ್ತಾಗಬೇಕು ಅದು ಲೈವ್ ಎಂದು. ನಾನು ಕಣ್ಣು ತೆರೆದೆ.

“ಸ್ಟುಡಿಯೋ,” ಎಂದೆ.

ಹಾಲಿನವನು, ಲೈವ್ ಎಂದರೆ ಜೀವ ಬಿಡುವ ಆ ಮನುಷ್ಯ, ಸ್ಟುಡಿಯೋಗೆ ಬೈಯದೆ ಒಂದು ಭಾನುವಾರ ಕಳೆಯದವನು, ನನ್ನ ಬೆನ್ನು ತಟ್ಟಿ ಹೇಳಿದ: “ಸರಿ ಗುರು. ಸ್ಟುಡಿಯೋದೇ.”

ಟವೆಲ್ ಯಾರೂ ಎತ್ತಲಿಲ್ಲ. ಸ್ಪೀಕರಿನಲ್ಲಿ ಜನ ಇನ್ನೂ ನೆಲ ತುಳಿಯುತ್ತಿದ್ದರು. ಮೂವರೂ ಅದನ್ನು ಕೇಳುತ್ತಾ ಕುಳಿತಿದ್ದೆವು. ನನಗೆ ಅವನ ಕೈ ಕಿತ್ತು ಹಾಕಬೇಕು ಎನಿಸಿತು. ಸ್ಪೀಕರನ್ನು ಎತ್ತಿ ಕಿಟಕಿಯಿಂದಾಚೆ ಎಸೆಯಬೇಕು ಎನಿಸಿತು. ಅವರು ಕೆಟ್ಟವರಲ್ಲ, ಅದೇ ಕಷ್ಟ. ನಕ್ಕಿದ್ದರೆ ಬೈದು ಎದ್ದು ಬರಬಹುದಿತ್ತು. ಕರುಣೆ ತೋರಿಸುವವರ ಹತ್ತಿರ ಏನು ಜಗಳ ಆಡುವುದು? ಅವತ್ತು ಯಾರೂ ಹೇಳದೆ ಇದ್ದರೂ ಲೋಟಗಳನ್ನೆಲ್ಲ ನಾನೇ ತೊಳೆದೆ. “ಬಿಡೋ, ನೀನ್ಯಾಕೆ?” ಎಂದ ಕಂಡಕ್ಟರ್. ಮನೆಯಲ್ಲಿ ಕೆಲಸ ಇದೆ ಎಂದು ಬೇಗ ಹೊರಟೆ.

ಬಸ್ಸಿನಲ್ಲಿ ಒಂದೇ ಯೋಚನೆ. ಅವರು ಇಷ್ಟು ದಿನ ಸುಳ್ಳು ಹೇಳಿದ್ದಾರೆ ಎಂದಾದರೆ, ಮೊದಲು ಹೇಳಿದ್ದೂ ಸುಳ್ಳಿರಬಹುದಲ್ಲ? ಆ ‘ಅಳೋದು’ ಹಾಡಿನ ಹಿಂದೆ ನಿಜವಾಗಿ ಒಂದು ಸದ್ದು ಇದ್ದಿರಬಹುದಲ್ಲ? ಪೆಟ್ಟಿಗೆಯಲ್ಲಿ ಕೂತು ಪರೀಕ್ಷೆ ಮಾಡಿಸಿಕೊಂಡು ಬಂದವನಿಗೆ ಇನ್ನೂ ಇಂಥ ಆಸೆಯೇ ಎಂದು ನೀವು ಕೇಳಬಹುದು. ಮುಳುಗುತ್ತಿರುವವನಿಗೆ ಬುದ್ಧಿ ಹೇಳುವುದು ಸುಲಭ. ದೇವನಹಳ್ಳಿಯಲ್ಲಿ ಬಸ್ಸು ಬದಲಾಯಿಸುವ ಹೊತ್ತಿಗೆ ಆ ಆಸೆ ನನಗೆ ನಂಬಿಕೆಯೇ ಆಗಿಹೋಗಿತ್ತು. ಮುಲಾಜಿಲ್ಲದೆ ಹೇಳುವ ಒಂದು ಜೊತೆ ಕಿವಿ ಸಿಕ್ಕರೆ ಸಾಕು. ನನ್ನ ಹೆಂಡತಿಗೆ ಮುಲಾಜು ಎನ್ನುವುದೇ ಇಲ್ಲ. ನಾನು ಕೊಂಡು ತಂದ ಬದನೆಕಾಯಿಯನ್ನು ಅಕ್ಕಪಕ್ಕದವರ ಮುಂದೆಯೇ ಹುಳುಕು ಎನ್ನುವವಳು.

ಮನೆ ಸೇರಿದಾಗ ಸಂಜೆ. ಭಾನುವಾರ ಮಗ್ಗ ನಿಲ್ಲಿಸಿದ್ದರಿಂದ ಮನೆ ತಣ್ಣಗಿತ್ತು. ಅವಳು ಹಿಂದಿನ ಬಾಗಿಲ ಹತ್ತಿರ ಕೂತು ಸೊಪ್ಪು ಬಿಡಿಸುತ್ತಿದ್ದಳು. ಎದುರಿಗೆ ಕುಳಿತು ಫೋನು ತೆಗೆದೆ, ಇಯರ್‌ಫೋನ್ ಅವಳ ಕೈಗೆ ಕೊಟ್ಟೆ.

“ಏನಿದು?”

“ಹಾಕ್ಕೋ. ಒಂದ್ ಹಾಡು ಕೇಳು. ಹಾಡು ಹೇಗಿದೆ ಅಂತ ಬೇಡ. ಹಾಡಿನ ಹಿಂದೆ ಬೇರೆ ಏನಾದ್ರೂ ಸದ್ದು ಇದೆಯಾ, ಅಷ್ಟು ಹೇಳು. ಇಲ್ದಿದ್ರೆ ಇಲ್ಲ ಅನ್ನು.”

ಇಷ್ಟು ವರ್ಷದಲ್ಲಿ ನಾನು ಅವಳಿಗೆ ಆ ಹಾಡುಗಳನ್ನು ಒಂದು ಸಲವೂ ಕೇಳಿಸಿರಲಿಲ್ಲ ಎಂದು ಅವತ್ತು ಹೊಳೆಯಿತು. ಅವಳು ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಎರಡೂ ಕಿವಿಗೆ ಹಾಕಿಕೊಂಡಳು. ‘ಅಳೋದು’, ಸ್ಟುಡಿಯೋದ್ದು ಹಾಕಿದೆ. ಗೋಡೆ ನೋಡುತ್ತಾ, ಹುಬ್ಬು ಗಂಟಿಕ್ಕಿಕೊಂಡು, ಪರೀಕ್ಷೆಗೆ ಕುಳಿತವಳ ಹಾಗೆ ಕೇಳಿದಳು.

“ಹೂಂ, ಇದೆ,” ಎಂದಳು.

“ಏನಿದೆ?”

“ಹಿಂದೆ ಸಣ್ಣಗೆ ಸ್ಸ್ ಅಂತ. ಕಡ್ಲೆ ಹುರಿಯೋವಾಗ ದೂರದಿಂದ ಬರುತ್ತಲ್ಲ, ಹಂಗೆ. ಬಿಡದೆ ಬರ್ತಿದೆ.”

ನನಗಾದ ಸಂತೋಷ ಹೇಳಲಾರೆ. ಎದ್ದು ಕುಣಿಯಬೇಕು ಎನಿಸಿತು. ಇದೆ, ಹಾಡಿನಲ್ಲೇ ಇದೆ. ನನ್ನ ಕಿವಿ ಸರಿ. ಆ ಇಬ್ಬರೂ, ಆ ಡಾಕ್ಟರು, ಆ ಗಾಜಿನ ಹಿಂದಿನ ಹುಡುಗಿ, ಎಲ್ಲರೂ ತಪ್ಪು. ಈಗಲೇ ಕಂಡಕ್ಟರನಿಗೆ ಫೋನು ಮಾಡಿ ಅವಳ ಬಾಯಿಂದಲೇ ಹೇಳಿಸುತ್ತೇನೆ ಎಂದು ಹಾಡು ನಿಲ್ಲಿಸಿ ಅವನ ನಂಬರು ಹುಡುಕತೊಡಗಿದೆ. ಅವಳು ಗೋಡೆ ನೋಡುತ್ತಾ ಹಾಗೇ ಕುಳಿತಿದ್ದಳು.

“ಇನ್ನೂ ಬರ್ತಾನೇ ಇದೆ,” ಎಂದಳು.

“ಹಾಡು ನಿಲ್ಸಿದೀನಿ ಕಣೇ.”

“ಹಾಡು ನಿಂತಿದೆ. ಇದು ನಿಂತಿಲ್ಲ.”

ನಾನು ಇಯರ್‌ಫೋನಿನ ತಂತಿಯನ್ನು ಫೋನಿನಿಂದ ಕಿತ್ತು ನೋಡಿದೆ. ತಂತಿಯ ತುದಿ ನನ್ನ ಕೈಯಲ್ಲಿತ್ತು. ಅವಳು ಇನ್ನೂ ತಲೆ ಓರೆ ಮಾಡಿಕೊಂಡು ಕೇಳುತ್ತಿದ್ದಳು.

“ಈ ಸದ್ದು ಯಾವತ್ತಿಂದ ಇದೆ ನಿಂಗೆ?” ಎಂದೆ.

ಅವಳು ಇಯರ್‌ಫೋನ್ ತೆಗೆದು ಸೊಪ್ಪಿನ ಮೊರದ ಪಕ್ಕ ಇಟ್ಟಳು. “ಯಾರಿಗ್ ಜ್ಞಾಪಕ? ದೊಡ್ಡೋಳು ಹುಟ್ಟಿದ್ಮೇಲೆ ಇರ್ಬೇಕು. ಮಗ್ಗದ ಪಕ್ಕ ಕೂರೋಕ್ ಶುರು ಮಾಡಿದ್ನಲ್ಲ, ಆವಾಗಿಂದ.” ದೊಡ್ಡವಳಿಗೆ ಈಗ ಹನ್ನೆರಡು. ಹನ್ನೆರಡು ವರ್ಷ ನಾನು ಇವಳಿಂದ ಮೂರು ಮಾರು ದೂರದಲ್ಲಿ ನಿಂತಿದ್ದೆ, ಅದರಲ್ಲೂ ಈಚಿನ ವರ್ಷಗಳಲ್ಲಿ ಯಾರದೋ ಹಿತ್ತಾಳೆಯಲ್ಲಿ ಬಿಟ್ಟ ಕೂದಲೆಳೆ ಬಿರುಕಿಗೆ ಕಿವಿ ಕೊಟ್ಟಿದ್ದೆ. ಆಸ್ಪತ್ರೆಗೆ ಒಬ್ಬನೇ ಹೋಗಿ, ಒಬ್ಬನೇ ಅತ್ತು ಬಂದಿದ್ದೆ. ಗಂಟಲು ಹರಿದುಕೊಳ್ಳುತ್ತಿದ್ದೇನೆ ಎಂದು ಅವಳು ಹೇಳಿದಾಗ ಅದು ನನ್ನ ಕಿವಿಯ ವಿಷಯ ಎಂದಷ್ಟೇ ತಿಳಿದಿದ್ದೆ.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಏನೋ ತಪ್ಪು ಉತ್ತರ ಕೊಟ್ಟೆನೇನೋ ಎಂಬ ಅನುಮಾನ ಅವಳಿಗೆ. ಸೊಪ್ಪಿಗೆ ಹೋಗುತ್ತಿದ್ದ ಕೈ ನಿಂತಿತು.

“ಯಾಕ್ ಹಂಗ್ ನೋಡ್ತೀರಾ? ಇದು ಎಲ್ರಿಗೂ ಇರುತ್ತಲ್ವೇನ್ರೀ?” ಎಂದಳು.

“ಹೂಂ,” ಎಂದೆ. “ಎಲ್ರಿಗೂ ಇರುತ್ತೆ.”